ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹಿಡಿಯುವ ಕೆಲಸ

ದಾವಣಗೆರೆಯ ಹಳೇ ಊರಿನಲ್ಲಿದ್ದ ನಮ್ಮ ಮನೆಯ ಪಡಸಾಲೆಯಲ್ಲಿ, ಗೋಡೆಗೆ ಬಡಿದ ಹಲಗೆಯ ಮೇಲೆ, ಒಂದು ವಾಲ್ವ್ ರೇಡಿಯೊ ಇತ್ತು. 1980ರ ದಶಕದಲ್ಲಿ ಓಣಿಯ ಬಹುತೇಕ ಮನೆಗಳಿಗೆ ಟ್ರಾನ್ಸಿಸ್ಟರ್ ಬಂದಿದ್ದರೂ ಅಪ್ಪ ಆ ಪೆಟ್ಟಿಗೆಯನ್ನು ಬಿಟ್ಟಿರಲಿಲ್ಲ. ಮುಂಭಾಗದ ಬಲಬದಿಗೆ ಎರಡು ಗುಂಡಿಗಳಿದ್ದವು. ದೊಡ್ಡ ಗುಂಡಿಯನ್ನು ತಿರುವಿದರೆ ಗಾಜಿನ ಹಿಂದೆ ಕೆಂಪು ಮುಳ್ಳು ಓಡುತ್ತಿತ್ತು. ಅದರ ಪಕ್ಕದ ಸಣ್ಣ ಗುಂಡಿಯನ್ನು ಎಷ್ಟು ತಿರುವಿದರೂ ಮುಳ್ಳು ಕದಲುತ್ತಿರಲಿಲ್ಲ, ಆದರೆ ಧ್ವನಿ ಬದಲಾಗುತ್ತಿತ್ತು. ಭದ್ರಾವತಿ ಆಕಾಶವಾಣಿಯನ್ನು ಮನೆಯಲ್ಲಿ ಯಾರು ಬೇಕಾದರೂ ಹಚ್ಚುತ್ತಿದ್ದೆವು. ಶಾರ್ಟ್ ವೇವ್‌ನಲ್ಲಿ ಸಿಲೋನ್, ಅಂದರೆ ಶ್ರೀಲಂಕಾದ ರೇಡಿಯೊ ಕೇಂದ್ರ, ಹಿಡಿಯುವುದು ಮಾತ್ರ ಅಪ್ಪನ ಕೆಲಸ. ಅವರು ಕಿವಿಯನ್ನು ಜಾಲರಿಯ ಹತ್ತಿರ ಇಟ್ಟು, ಸಣ್ಣ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದವರಂತೆ ತಿರುವುತ್ತಿದ್ದರು. ನಾನು ಹತ್ತಿರ ಹೋದರೆ, "ಕೈ ತಗಿ ತಮ್ಮಾ, ಸ್ಟೇಷನ್ ಹೊಕ್ಕತಿ" ಎನ್ನುತ್ತಿದ್ದರು.

ಒಂದೇ ಪೆಟ್ಟಿಗೆ, ಒಂದೇ ಮುಳ್ಳು. ಹಾಗಿರುವಾಗ ಭದ್ರಾವತಿ ಅಷ್ಟು ಸುಲಭಕ್ಕೆ ಸಿಕ್ಕು ಸಿಲೋನ್ ಅಷ್ಟು ಸತಾಯಿಸುತ್ತಿದ್ದುದು ಏಕೆ ಎಂಬ ಪ್ರಶ್ನೆಗೆ ನನಗೆ ಸರಿಯಾದ ಉತ್ತರ ಸಿಕ್ಕಿದ್ದು ಅಪ್ಪ ಹೋದ ಮೇಲೆ, ಅಟ್ಟದಿಂದ ರೇಡಿಯೊ ಇಳಿಸಿ, ಮಂಡಿಪೇಟೆಯ ಕಡೆ ಬಹಳ ಕಾಲ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು ಅದನ್ನು ಬಿಚ್ಚಿದಾಗ. ಸಿಲೋನ್ ದೂರದ್ದು, ಭದ್ರಾವತಿ ನಮ್ಮೂರಿನಿಂದ ಸುಮಾರು 70 ಕಿಲೋಮೀಟರಿನಷ್ಟೇ ದೂರ ಎಂಬುದು ಕಾರಣದ ಒಂದು ಪಾಲು ಮಾತ್ರ. ದೊಡ್ಡ ಪಾಲು ಗ್ಯಾಂಗ್ ಕಂಡೆನ್ಸರಿನ ಅರ್ಧ ಸುತ್ತಿನಲ್ಲಿದೆ.

ಗ್ಯಾಂಗ್ ಎಂದರೆ ಒಂದೇ ಕಂಬಿಗೆ ಪೋಣಿಸಿದ ಕಂಡೆನ್ಸರುಗಳು. ಪ್ರತಿಯೊಂದರಲ್ಲೂ ಅಲ್ಯೂಮಿನಿಯಂ ತಗಡುಗಳ ಎರಡು ಗುಂಪು. ಒಂದು ಗುಂಪು ಕದಲದೆ ನಿಂತಿರುತ್ತದೆ, ಇನ್ನೊಂದು ಅರ್ಧ ಸುತ್ತು ತಿರುಗುತ್ತಾ ಅದರ ಸಂದುಗಳೊಳಗೆ ಮುಟ್ಟದಂತೆ ಸರಿದು ಹೋಗುತ್ತದೆ. ತಗಡುಗಳು ಪೂರ್ತಿ ಒಳಗಿದ್ದಾಗ ಅದರ ಧಾರಣಶಕ್ತಿ, ಅಂದರೆ ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವ ಸಾಮರ್ಥ್ಯ, ಅತಿ ಹೆಚ್ಚು, ಹೊರಬಂದಾಗ ಅತಿ ಕಡಿಮೆ. ಇದಕ್ಕೆ ಒಂದು ಕಾಯಿಲ್, ಅಂದರೆ ತಂತಿಯ ಸುರುಳಿ, ಜೋಡಿಸಿದರೆ ಅವೆರಡೂ ಸೇರಿ ಯಾವುದೋ ಒಂದು ಕಂಪನಾಂಕಕ್ಕೆ ಮಾತ್ರ ಸ್ಪಂದಿಸುತ್ತವೆ. ಆ ಕಂಪನಾಂಕವು ಧಾರಣಶಕ್ತಿಯ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುವುದರಿಂದ, ಧಾರಣಶಕ್ತಿಯನ್ನು ಒಂಬತ್ತು ಪಟ್ಟು ಬದಲಿಸಿದರೆ ಕಂಪನಾಂಕ ಮೂರು ಪಟ್ಟು ಬದಲಾಗುತ್ತದೆ. ಮೀಡಿಯಂ ವೇವ್ ಸುಮಾರು 540ರಿಂದ 1600 ಕಿಲೋಹರ್ಟ್ಜ್ ತನಕ, ಅಂದರೆ ಸರಿಸುಮಾರು ಮೂರು ಪಟ್ಟು. ಗ್ಯಾಂಗಿನ ಅರ್ಧ ಸುತ್ತಿಗೆ ಹೇಳಿ ಮಾಡಿಸಿದ ಅಳತೆ ಅದು.

ಇನ್ನು ಶಾರ್ಟ್ ವೇವ್. ಬ್ಯಾಂಡ್ ಬದಲಿಸುವ ಸ್ವಿಚ್ಚು ಕಾಯಿಲ್ ಅನ್ನು ಬದಲಿಸುತ್ತದೆಯೇ ಹೊರತು ಗ್ಯಾಂಗನ್ನಲ್ಲ. ನಮ್ಮ ರೇಡಿಯೊದ ಗಾಜಿನ ಮೇಲೆ, ಅಲೆಯ ಉದ್ದದ ಲೆಕ್ಕದಲ್ಲಿ, 16ರಿಂದ 50 ಮೀಟರ್ ಎಂದು ಬರೆದಿದೆ. ಕಂಪನಾಂಕದಲ್ಲಿ ಹೇಳುವುದಾದರೆ ಸುಮಾರು 6ರಿಂದ 18 ಮೆಗಾಹರ್ಟ್ಜ್. ಇದೂ ಮೂರು ಪಟ್ಟೇ. ಆದರೆ ಮೀಡಿಯಂ ವೇವ್‌ನಲ್ಲಿ ಅರ್ಧ ಸುತ್ತಿನೊಳಗೆ ಇರುವುದು 1,060 ಕಿಲೋಹರ್ಟ್ಜ್. ಇಲ್ಲಿ ಅದೇ ಅರ್ಧ ಸುತ್ತಿನೊಳಗೆ 12,000 ಕಿಲೋಹರ್ಟ್ಜ್ ತುರುಕಿದೆ. ಸರಾಸರಿ ತೆಗೆದರೆ, ಗ್ಯಾಂಗನ್ನು ಒಂದು ಡಿಗ್ರಿ ತಿರುವಿದಾಗ ಮೀಡಿಯಂ ವೇವ್‌ನಲ್ಲಿ ಆರು ಕಿಲೋಹರ್ಟ್ಜ್ ಸರಿದರೆ ಶಾರ್ಟ್ ವೇವ್‌ನಲ್ಲಿ 67 ಕಿಲೋಹರ್ಟ್ಜ್ ಸರಿಯುತ್ತದೆ. ಶಾರ್ಟ್ ವೇವ್ ಸ್ಟೇಷನ್ನುಗಳು ಐದೈದು ಕಿಲೋಹರ್ಟ್ಜ್ ಅಂತರದಲ್ಲಿ ಕುಳಿತುಕೊಳ್ಳಬಹುದಾದ್ದರಿಂದ ಒಂದೇ ಡಿಗ್ರಿಯಲ್ಲಿ ಹದಿಮೂರು ಸ್ಟೇಷನ್ನುಗಳಿಗೆ ಜಾಗವಿದೆ. ಅದರಲ್ಲೂ ಪ್ರಸಾರಕ್ಕೆಂದು ಮೀಸಲಾದ ಪಟ್ಟಿಗಳಲ್ಲೇ ಎಲ್ಲರೂ ಒತ್ತರಿಸಿಕೊಂಡಿರುತ್ತಿದ್ದರು. 31 ಮೀಟರ್ ಬ್ಯಾಂಡನ್ನು ಆ ಕಾಲಕ್ಕೆ 9.5ರಿಂದ 9.9 ಮೆಗಾಹರ್ಟ್ಜ್ ಎಂದಿಟ್ಟುಕೊಂಡರೆ, ಇಡೀ ಬ್ಯಾಂಡು ಆರು ಡಿಗ್ರಿಯಲ್ಲಿ ಮುಗಿದುಹೋಗುತ್ತದೆ. ಅಪ್ಪ ಉಸಿರು ಬಿಗಿಹಿಡಿಯುತ್ತಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಕಷ್ಟ ನಮ್ಮ ರೇಡಿಯೊದೊಂದಿಗೆ ಹುಟ್ಟಿದ್ದಲ್ಲ. ಕಿಡಿ ಹಾರಿಸಿ ತರಂಗ ಕಳುಹಿಸುತ್ತಿದ್ದ ಮೊದಲ ದಿನಗಳಲ್ಲಿ ಹತ್ತಿರ ಹತ್ತಿರ ಇರುವ ಎರಡು ಕೇಂದ್ರಗಳ ಸಂದೇಶಗಳು ಒಂದರ ಮೇಲೊಂದು ಬೀಳುತ್ತಿದ್ದವು. ಕಳುಹಿಸುವ ಮತ್ತು ಸ್ವೀಕರಿಸುವ ಎರಡೂ ಕಡೆಯ ಮಂಡಲಗಳನ್ನು ಒಂದೇ ಕಂಪನಾಂಕಕ್ಕೆ ಶ್ರುತಿ ಮಾಡಬೇಕೆಂಬುದನ್ನು ಆಲಿವರ್ ಲಾಡ್ಜ್ 1897ರ ಹೊತ್ತಿಗೆ ತೋರಿಸಿಕೊಟ್ಟರು. 1900ರಲ್ಲಿ ಮಾರ್ಕೋನಿ ತೆಗೆದುಕೊಂಡ 7777ನೇ ಸಂಖ್ಯೆಯ ಪ್ರಸಿದ್ಧ ಪೇಟೆಂಟು ಇದೇ ವಿಷಯದ್ದು. ಟ್ಯೂನಿಂಗ್ ಎಂಬುದಕ್ಕೆ ನಮ್ಮಲ್ಲಿ ಶ್ರುತಿ ಎಂಬ ಮಾತು ಸಿದ್ಧವಾಗಿಯೇ ಇದೆ, ಮತ್ತು ಅದು ಇಲ್ಲಿ ಅಕ್ಷರಶಃ ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ: ತಂಬೂರಿಯವರು ಬಿರಡೆ ತಿರುವಿ ಹತ್ತಿರಕ್ಕೆ ತಂದು, ಕೊನೆಯ ಕೂದಲೆಳೆಯಷ್ಟನ್ನು ಮಣಿ ಸರಿಸಿ ಕೂಡಿಸುತ್ತಾರೆ. ದೊಡ್ಡ ಗುಂಡಿ ಬಿರಡೆಯಾದರೆ ಸಣ್ಣ ಗುಂಡಿ ಮಣಿ.

1920ರ ದಶಕದ ರೇಡಿಯೊಗಳಲ್ಲಿ ಒಂದರ ಪಕ್ಕ ಒಂದರಂತೆ ಮೂರು ಡಯಲ್‌ಗಳು ಇರುತ್ತಿದ್ದವು. ಪ್ರತಿಯೊಂದೂ ಒಂದೊಂದು ಹಂತದ ಕಂಡೆನ್ಸರನ್ನು ತಿರುವುತ್ತಿತ್ತು, ಮತ್ತು ಮೂರೂ ಹೊಂದಿದಾಗ ಮಾತ್ರ ಧ್ವನಿ. ಡಯಲ್ ಮೇಲೆ ಸ್ಟೇಷನ್ನಿನ ಹೆಸರಾಗಲಿ ಮೀಟರಾಗಲಿ ಇರದೆ ಬರೀ 0ಯಿಂದ 100ರ ತನಕ ಗೆರೆಗಳಿರುತ್ತಿದ್ದುದರಿಂದ, ಕೇಳುಗರು ಯಾವ ಸ್ಟೇಷನ್ನಿಗೆ ಯಾವ ಮೂರು ಅಂಕಿ ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಬೇಕಾಗಿತ್ತು. ಅಲೆಯ ವ್ಯಾಪ್ತಿ ಬದಲಿಸಬೇಕಾದರೆ ಹಲವು ಸೆಟ್ಟುಗಳಲ್ಲಿ ಕಾಯಿಲ್ ಅನ್ನೇ ಕಿತ್ತು ಬೇರೆಯದನ್ನು ಚುಚ್ಚಬೇಕಿತ್ತು. ಇನ್ನೂ ಒಂದು ತೊಂದರೆ ಇತ್ತು: ಮನುಷ್ಯನ ಕೈಗೂ ಸ್ವಲ್ಪ ಧಾರಣಶಕ್ತಿ ಇರುವುದರಿಂದ, ಗುಂಡಿಯಿಂದ ಕೈ ತೆಗೆದ ಕೂಡಲೇ ಹಿಡಿದ ಸ್ಟೇಷನ್ ತಪ್ಪಿಹೋಗುತ್ತಿತ್ತು. ಅದಕ್ಕಾಗಿ ಕಂಡೆನ್ಸರನ್ನು ಒಳಗಿಟ್ಟು ಉದ್ದನೆಯ ನಿರೋಧಕ ಕಡ್ಡಿಯಿಂದ ತಿರುವುತ್ತಿದ್ದರು, ಅಥವಾ ಮುಂಭಾಗಕ್ಕೆ ಲೋಹದ ತಗಡು ಹಾಕಿ ಅರ್ತ್ ಮಾಡುತ್ತಿದ್ದರು. ಕೈಯ ಚಲನೆಯನ್ನು ಹಲ್ಲಿನ ಚಕ್ರಗಳಿಂದಲೋ ಘರ್ಷಣೆಯ ಗಾಲಿಗಳಿಂದಲೋ ತಗ್ಗಿಸುವ ವರ್ನಿಯರ್ ಡಯಲ್‌ಗಳು ಬಂದಿದ್ದೂ ಆ ಕಾಲದಲ್ಲೇ.

ಮೂರು ಗುಂಡಿಗಳ ಕೆಲಸವನ್ನು ಒಂದೇ ಗುಂಡಿಗೆ ತಂದ ಸೆಟ್ಟುಗಳಲ್ಲಿ ಕೊನೆಗೆ ಎಲ್ಲೆಡೆ ಗೆದ್ದು ನಿಂತದ್ದು ಸೂಪರ್‌ಹೆಟರೊಡೈನ್. 1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ರೂಪಿಸಿದ ವಿಧಾನ ಅದು. ಬರುವ ಅಲೆ ಯಾವುದೇ ಇರಲಿ, ಅದಕ್ಕಿಂತ ಒಂದು ನಿಗದಿತ ಅಂತರದಲ್ಲಿ ಕಂಪಿಸುವ ಆಸಿಲೇಟರ್ (ತಾನೇ ಕಂಪನ ಹುಟ್ಟಿಸುವ ಮಂಡಲ) ಒಂದನ್ನು ರೇಡಿಯೊದೊಳಗೇ ನಡೆಸಿ, ಎರಡನ್ನೂ ಬೆರೆಸಿ, ಅವುಗಳ ವ್ಯತ್ಯಾಸವನ್ನು ಮಾತ್ರ ಮುಂದಕ್ಕೆ ಕಳುಹಿಸುತ್ತಾರೆ. ನಮ್ಮ ರೇಡಿಯೊದಲ್ಲಿ ಆ ವ್ಯತ್ಯಾಸ 455 ಕಿಲೋಹರ್ಟ್ಜ್. ಇಲ್ಲಿ ಒಂದು ಸೂಕ್ಷ್ಮವಿದೆ, ಮತ್ತು ನನ್ನ ದೃಷ್ಟಿಯಲ್ಲಿ ಹಳೆಯ ರೇಡಿಯೊದ ಅತ್ಯಂತ ಸುಂದರವಾದ ಭಾಗ ಅದೇ. ಏರಿಯಲ್ ಕಡೆಯ ಕಾಯಿಲ್ 540ರಿಂದ 1600ಕ್ಕೆ ಹೋಗುವಾಗ ಆಸಿಲೇಟರ್ 995ರಿಂದ 2055ಕ್ಕೆ ಹೋಗಬೇಕು. ಮೊದಲನೆಯದು ಮೂರು ಪಟ್ಟು, ಎರಡನೆಯದು ಎರಡು ಪಟ್ಟಿಗಿಂತ ತುಸು ಹೆಚ್ಚು. ಎರಡನ್ನೂ ಒಂದೇ ಕಂಬಿಗೆ ಪೋಣಿಸಿದ ಗ್ಯಾಂಗ್ ತಿರುವಬೇಕು. ಅದಕ್ಕಾಗಿ ಆಸಿಲೇಟರ್ ಕಡೆಗೆ ಪ್ಯಾಡರ್ ಎಂಬ ಕಂಡೆನ್ಸರನ್ನು ಸರಣಿಯಲ್ಲಿ ಸೇರಿಸಿ ಅದರ ಹರವನ್ನು ಕುಗ್ಗಿಸುತ್ತಾರೆ, ಟ್ರಿಮ್ಮರ್ ಎಂಬ ಸಣ್ಣ ಕಂಡೆನ್ಸರನ್ನು ಪಕ್ಕದಲ್ಲಿಟ್ಟು ಮೇಲಿನ ತುದಿಯನ್ನು ಸರಿಮಾಡುತ್ತಾರೆ. ಇಷ್ಟಾದರೂ ಡಯಲ್‌ನ ಮೂರು ಜಾಗಗಳಲ್ಲಿ ಮಾತ್ರ ಲೆಕ್ಕ ಪೂರ್ತಿ ಕೂಡುತ್ತದೆ. ಉಳಿದೆಡೆ ಅಲ್ಪಸ್ವಲ್ಪ ವ್ಯತ್ಯಾಸ ಉಳಿಯುತ್ತದೆ. ನಮ್ಮ ಗ್ಯಾಂಗಿನ ಹೊರಗಿನ ತಗಡನ್ನು ದೀಪದ ಬೆಳಕಿಗೆ ಹಿಡಿದು ನೋಡಿದಾಗ ಅದರಲ್ಲಿ ಹೂವಿನ ಎಸಳುಗಳಂತೆ ಸೀಳುಗಳು ಕಂಡವು. ಆ ಎಸಳುಗಳನ್ನು ಒಂದೊಂದಾಗಿ ತುಸು ಒಳಕ್ಕೋ ಹೊರಕ್ಕೋ ಬಾಗಿಸಿ, ಅಷ್ಟಷ್ಟು ಜಾಗದ ವ್ಯತ್ಯಾಸವನ್ನೂ ತಿದ್ದಬಹುದು. ಯಾರೋ ಹಿಂದೆ ಕೂತು ಮೂರನೆಯ ಎಸಳನ್ನು ಕೂದಲಿನಷ್ಟು ಹೊರಗೆ ಬಾಗಿಸಿದ್ದರು. ಆ ಕೈ ಯಾರದೋ, ನನಗೆ ಅದರ ಮೇಲೆ ಗೌರವ ಹುಟ್ಟಿತು.

ಸಣ್ಣ ಗುಂಡಿ ಮಾಡುತ್ತಿದ್ದುದು ಏನೆಂಬುದು ಈಗ ಸ್ಪಷ್ಟವಾಗುತ್ತದೆ. ಅದಕ್ಕೆ ಎರಡೇ ಸಣ್ಣ ತಗಡುಗಳ ಪುಟ್ಟ ಕಂಡೆನ್ಸರನ್ನು ಕಟ್ಟಿದ್ದಾರೆ, ಅದೂ ಆಸಿಲೇಟರ್ ಕಡೆಗೆ ಮಾತ್ರ. ಏರಿಯಲ್ ಕಡೆಯನ್ನು ಹಾಗೇ ಬಿಟ್ಟು ಒಂದೇ ಕಡೆ ಸರಿಸಿದರೆ ಕೆಲಸ ಕೆಡುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ ರಿಪೇರಿಯ ಹಿರಿಯರು, "ಶಾರ್ಟ್ ವೇವ್‌ನಾಗ ಏರಿಯಲ್ ಕಾಯಿಲ್ ಬಾಗಿಲು ಅಗಲ ಐತಿ ತಮ್ಮಾ, ಇಷ್ಟಕ್ಕೆಲ್ಲ ಅದಕ್ಕೆ ಗೊತ್ತಾಗಲ್ಲ" ಎಂದರು. ಹತ್ತು ಮೆಗಾಹರ್ಟ್ಜ್ ಸುತ್ತಮುತ್ತ ಆ ಒಂದು ಕಾಯಿಲ್ ಅನೇಕ ಸ್ಟೇಷನ್ನುಗಳನ್ನು ಒಟ್ಟಿಗೇ ಒಳಗೆ ಬಿಟ್ಟುಕೊಳ್ಳುತ್ತದೆ. ಅವುಗಳಲ್ಲಿ ಒಂದನ್ನು ಆರಿಸುವವನು ಆಸಿಲೇಟರ್.

ಬಾಗಿಲು ಅಗಲವಾಗಿರುವುದರಿಂದ ಬೇಡದವರೂ ನುಗ್ಗುತ್ತಾರೆ. ಬೇಕಾದ ಸ್ಟೇಷನ್ನು ಆಸಿಲೇಟರಿನಿಂದ 455 ಕಿಲೋಹರ್ಟ್ಜ್ ಕೆಳಗಿದ್ದರೆ, ಅಷ್ಟೇ ಮೇಲಿರುವ ಇನ್ನೊಂದೂ ಅದೇ ವ್ಯತ್ಯಾಸವನ್ನು ಕೊಡುತ್ತದೆ. ಹಾಗಾಗಿ 11.8 ಮೆಗಾಹರ್ಟ್ಜ್‌ನಲ್ಲಿರುವ, 25 ಮೀಟರ್ ಬ್ಯಾಂಡಿನ ಗಟ್ಟಿ ಸ್ಟೇಷನ್ನು ಡಯಲ್‌ನ ತನ್ನ ಜಾಗದಲ್ಲಿ ಒಮ್ಮೆ, ಅದರಿಂದ 910 ಕಿಲೋಹರ್ಟ್ಜ್ ಕೆಳಗೆ 10.89ರಲ್ಲಿ ಮತ್ತೊಮ್ಮೆ ಕೇಳಿಸುತ್ತದೆ. ಚಿಕ್ಕಂದಿನಲ್ಲಿ ಒಂದೇ ಸ್ಟೇಷನ್ನು ಎರಡು ಕಡೆ ಬಂದಾಗ ಅಪ್ಪ ಎರಡನ್ನೂ ಕೇಳಿ ನೋಡಿ, "ಇದು ನೆರಳು" ಎಂದು ಒಂದನ್ನು ಬಿಟ್ಟುಬಿಡುತ್ತಿದ್ದರು. ಅವರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಆದರೆ ಕಿವಿಗೆ ಗೊತ್ತಿತ್ತು.

ಕಿವಿಗೂ ಮೀರಿದ ಒಂದು ಕಡೆ ಹಸಿರು ಕಣ್ಣು ಬೇಕಾಗುತ್ತಿತ್ತು. ಸಣ್ಣ ಸಂಕೇತಕ್ಕೂ ದೊಡ್ಡ ಸಂಕೇತಕ್ಕೂ ಧ್ವನಿ ಒಂದೇ ಮಟ್ಟದಲ್ಲಿರಲೆಂದು ವಾಲ್ವ್‌ಗಳ ಬಲವನ್ನು ತಾನೇ ಏರಿಳಿಸುವ ಎವಿಸಿ ವ್ಯವಸ್ಥೆ ಬಂದ ಮೇಲೆ, ಸ್ಟೇಷನ್ನಿನ ನಟ್ಟನಡುವೆ ಇದ್ದೇವೋ ಅಂಚಿನಲ್ಲಿದ್ದೇವೋ ಎಂಬುದು ಧ್ವನಿಯ ಗಟ್ಟಿತನದಿಂದ ತಿಳಿಯದಂತಾಯಿತು. ಅಂಚಿನಲ್ಲಿದ್ದರೆ ಧ್ವನಿ ಕಡಿಮೆಯಾಗುವ ಬದಲು ಒಡೆದಂತಾಗುತ್ತದೆ, ಸಕಾರಗಳು ಚುಚ್ಚುತ್ತವೆ. 1935ರಲ್ಲಿ ಅಮೆರಿಕದಲ್ಲಿ ಮೊದಲು ಮಾರಾಟಕ್ಕೆ ಬಂದ ಮ್ಯಾಜಿಕ್ ಐ ವಾಲ್ವ್ ಈ ಕೊರತೆಯನ್ನು ತುಂಬಿತು: ಸಂಕೇತ ಬಲವಾದಂತೆ ಹಸಿರು ಬೆಳಕಿನ ನಡುವಿನ ನೆರಳು ಕಿರಿದಾಗುತ್ತದೆ, ಅತಿ ಕಿರಿದಾದಲ್ಲಿ ನಿಲ್ಲಿಸಬೇಕು. ನಮ್ಮ ರೇಡಿಯೊದ ಕಣ್ಣು ಈಗ ಮಂಕಾಗಿದೆ, ದೀಪ ಆರಿಸಿದರೆ ಮಾತ್ರ ಕಾಣುತ್ತದೆ.

ಡಯಲ್ ದಾರದ ವಿಷಯ ಹೇಳದಿದ್ದರೆ ಈ ಬರಹ ಅಪೂರ್ಣವಾಗುತ್ತದೆ. ಗುಂಡಿಯ ಸಣ್ಣ ಕಂಬಿಗೂ ಗ್ಯಾಂಗಿನ ದೊಡ್ಡ ಗಾಲಿಗೂ ನಡುವೆ ಒಂದು ದಾರ ಓಡುತ್ತದೆ. ಕಂಬಿ ಹಲವು ಸುತ್ತು ತಿರುಗಿದರೆ ಗಾಲಿ ಅರ್ಧ ಸುತ್ತು ತಿರುಗುತ್ತದೆ, ಮುಳ್ಳನ್ನು ಎಳೆಯುವುದೂ ಅದೇ ದಾರ. ಒಮ್ಮೆ ಅದು ಹರಿದಾಗ, ನೂಲಿಗೇನು ಬರವಿಲ್ಲದ ಹತ್ತಿಗಿರಣಿಯ ಊರಲ್ಲವೇ ಎಂದು ಅಪ್ಪ ಗಟ್ಟಿ ಹತ್ತಿ ನೂಲನ್ನೇ ಹುರಿಮಾಡಿ ಹಾಕಿದರು. ಮಳೆಗಾಲ ಬಂತು, ನೂಲು ತೇವ ಹೀರಿಕೊಂಡಿತು, ಬಿಗಿತ ಬದಲಾಯಿತು. ಗುಂಡಿ ತಿರುವಿದರೆ ಮುಳ್ಳು ತುಸು ತಡೆದು ಹೊರಡುತ್ತಿತ್ತು, ಹಿಂದಕ್ಕೆ ತಿರುವಿದರೆ ಬೇರೆ ಜಾಗದಲ್ಲಿ ನಿಲ್ಲುತ್ತಿತ್ತು. ಮೀಡಿಯಂ ವೇವ್‌ನಲ್ಲಿ ಅದು ಲೆಕ್ಕಕ್ಕೇ ಬರಲಿಲ್ಲ. ಶಾರ್ಟ್ ವೇವ್‌ನಲ್ಲಿ ಆ ವರ್ಷದ ಆಷಾಢ, ಶ್ರಾವಣ ಎರಡೂ ಸಿಲೋನ್ ಇಲ್ಲದೆ ಕಳೆದವು. ಈ ಸಲ ನಾವು ಹೆಣೆದ ನೈಲಾನ್ ದಾರ ಹಾಕಿ, ಕಂಬಿಗೆ ಮೂರು ಸುತ್ತು ಸುತ್ತಿ, ಗಾಲಿಯೊಳಗಿನ ಸ್ಪ್ರಿಂಗಿಗೆ ಬಿಗಿದೆವು. ಜಾರದಿರಲೆಂದು ಕಂಬಿಗೆ ಚಿಟಿಕೆ ರಾಳದ ಪುಡಿ ಸವರಿದೆವು.

ಆಮೇಲೆ ಶ್ರುತಿ ಸೇರಿಸುವ ಕೆಲಸ. ಬೇಕಾದ ಕಂಪನಾಂಕದ ಸಂಕೇತ ಕೊಡುವ ಸಿಗ್ನಲ್ ಜನರೇಟರನ್ನು 600 ಕಿಲೋಹರ್ಟ್ಜ್‌ಗೆ ಇಟ್ಟು ಕೆಳತುದಿಯಲ್ಲಿ ಪ್ಯಾಡರ್, 1400ಕ್ಕೆ ಇಟ್ಟು ಮೇಲ್ತುದಿಯಲ್ಲಿ ಟ್ರಿಮ್ಮರ್. ಒಂದನ್ನು ತಿದ್ದಿದರೆ ಇನ್ನೊಂದು ಕೊಂಚ ಕೆಡುತ್ತದೆ, ಆದ್ದರಿಂದ ನಾಲ್ಕು ಸಲ ಹಿಂದೆ ಮುಂದೆ ಹೋಗಬೇಕಾಯಿತು. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ಬಂದರೆ ಕಾಯಿಲ್ ತಪ್ಪು ಹೇಳುತ್ತದೆಂದು ಹಿರಿಯರು ಬಿದಿರಿನ ಕಡ್ಡಿಯೊಂದನ್ನು ಚಪ್ಪಟೆಯಾಗಿ ಕೆತ್ತಿಕೊಂಡಿದ್ದರು. ಕೊನೆಗೆ 675ಕ್ಕೆ ಇಟ್ಟು ನೋಡಿದಾಗ ಮುಳ್ಳು ಗಾಜಿನ ಮೇಲೆ 444 ಮೀಟರ್ ಇರಬೇಕಾದಲ್ಲಿ, ನಮ್ಮ ಮನೆಯಲ್ಲಿ ಭದ್ರಾವತಿಗೆಂದು ಅಮ್ಮ ಕುಂಕುಮದಿಂದ ಇಟ್ಟಿದ್ದ ಚುಕ್ಕೆಯ ಕೆಳಗೇ ನಿಂತಿತು. ಚುಕ್ಕೆಯ ಬಣ್ಣ ಹೋಗಿ ಕಲೆ ಉಳಿದಿತ್ತು.

ಅದೇ ರಾತ್ರಿ ಶಾರ್ಟ್ ವೇವ್ ಹಚ್ಚಿದೆ. ದೊಡ್ಡ ಗುಂಡಿಯಿಂದ 31 ಮೀಟರಿಗೆ ತಂದು, ಸಣ್ಣ ಗುಂಡಿಯನ್ನು ಹಿಡಿದು, ಕರಕರ ಸದ್ದಿನ ನಡುವೆ ಯಾವುದೋ ಭಾಷೆಯ ಹೆಣ್ಣುಧ್ವನಿಯೊಂದನ್ನು ಹಿಡಿದೆ. ಹಸಿರು ನೆರಳು ಕಿರಿದಾಯಿತು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಧ್ವನಿ ಒಡೆಯತೊಡಗಿತು. ವಾಲ್ವ್ ಕಾದಂತೆ ಆಸಿಲೇಟರಿನ ಕಾಯಿಲ್, ಕಂಡೆನ್ಸರುಗಳೂ ಕಾದು ಕಂಪನಾಂಕ ಸರಿಯುತ್ತದೆ. ಸಾವಿರಕ್ಕೆ ಒಂದು ಪಾಲು ಸರಿದರೆ ಭದ್ರಾವತಿಯ ಹತ್ತಿರ ಅದು ಒಂದು ಕಿಲೋಹರ್ಟ್ಜ್ ಚಿಲ್ಲರೆ, ಇಲ್ಲಿ ಹತ್ತು ಕಿಲೋಹರ್ಟ್ಜ್, ಎಂದರೆ ಪಕ್ಕದ ಮನೆಯನ್ನೂ ದಾಟಿ ಹೋದಂತೆ. ಅಪ್ಪ ಹಾಡಿನ ನಡುವೆ ಎರಡು ಮೂರು ಸಲ ಎದ್ದು ಹೋಗಿ ಸಣ್ಣ ಗುಂಡಿ ಮುಟ್ಟಿ ಬರುತ್ತಿದ್ದುದು ಅಭ್ಯಾಸಬಲದಿಂದ ಎಂದುಕೊಂಡಿದ್ದೆ. ನಾನೂ ಎದ್ದು, ಗುಂಡಿಯನ್ನು ಬಲಕ್ಕೆ ಒಂದಿಷ್ಟೇ ಇಷ್ಟು ತಿರುವಿದೆ. ನೆರಳು ಮತ್ತೆ ಕಿರಿದಾಗಿ ಧ್ವನಿ ಕೂಡಿಕೊಂಡಿತು.