ಬೆಳಿಗ್ಗೆ ಏಳುತ್ತೆ, ಸಂಜೆ ಏಳಲ್ಲ: 6502 ಕಂಪ್ಯೂಟರಿನ ಗೋಳು

ಹದಿನೇಳು ದಿನ ಜೀವ ತಿಂದ ಸಮಸ್ಯೆ ಕೊನೆಗೂ ಬಗೆಹರಿಯಿತು. ಬಗೆಹರಿಸಿದ್ದು ನಾನಲ್ಲ, ಕರೆಂಟು. ಅದೂ ಬಂದು ಅಲ್ಲ, ಹೋಗಿ.

ನಾನು ಬ್ರೆಡ್‌ಬೋರ್ಡ್ (ಬೆಸುಗೆಯಿಲ್ಲದೆ ಚಿಪ್ಪು, ವೈರು ಚುಚ್ಚುವ ಹಲಗೆ) ಮೇಲೆ ಕೈಯಾರೆ ಕಟ್ಟುತ್ತಿರುವ ಪುಟ್ಟ ಕಂಪ್ಯೂಟರಿನ ಕಥೆ ಮತ್ತೆ ಮೊದಲಿನಿಂದ ಹೇಳಲ್ಲ. 6502ರ ಈಗಿನ ರೂಪವಾದ 65ಸಿ02 ಪ್ರೊಸೆಸರ್, 32 ಕೆಬಿ ರ‍್ಯಾಮ್, ಪ್ರೋಗ್ರಾಮ್ ಹಿಡಿದಿಡುವ 28ಸಿ256 ಈಈಪ್ರಾಮ್, ಕ್ಲಾಕಿನ ತಾಳ ಹಾಕುವ 1 ಮೆಗಾಹರ್ಟ್ಸ್ ಆಸಿಲೇಟರ್, 16×2 ಎಲ್‌ಸಿಡಿ. ಹೊಸದಾಗಿ ಸೇರಿದ್ದು 65ಸಿ51 ಸೀರಿಯಲ್ ಚಿಪ್, ಅದರಿಂದ ಯುಎಸ್‌ಬಿ ಅಡಾಪ್ಟರ್ ಮೂಲಕ ಲ್ಯಾಪ್‌ಟಾಪಿಗೆ ಮೂರು ವೈರು. ಈಗ ಸಿಗುವ 65ಸಿ51ರ ಟ್ರಾನ್ಸ್‌ಮಿಟ್ ಬಗ್ ಏನೆಂದರೆ, ಒಂದು ಬೈಟ್ ಕಳಿಸಿ ಮುಗಿಯಿತೋ ಇಲ್ಲವೋ ಅಂತ ಅದು ಸರಿಯಾಗಿ ಹೇಳಲ್ಲ. ಸುಮ್ಮನೆ ಕಾಯಿಸುವ ಡಿಲೇ ಲೂಪ್ ಹಾಕಿ, ನಾಲ್ಕು ಮಾತು ಬೈದು ಮುಂದೆ ಹೋದೆ. ಎಲ್‌ಸಿಡಿ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ‘ಸಿದ್ಧ’ ಅಂತ ಬಂತು.

ಆಮೇಲೆ ಶುರುವಾಯ್ತು ಗ್ರಹಚಾರ. ಬೆಳಿಗ್ಗೆ ಚಹಾ ಕುಡಿಯುತ್ತಾ ಸ್ವಿಚ್ ಹಾಕಿದರೆ ಥಟ್ಟನೆ ‘ಸಿದ್ಧ’. ಸಂಜೆ ಆಫೀಸಿನಿಂದ ಬಂದು ಹಾಕಿದರೆ ಎಲ್‌ಸಿಡಿಯಲ್ಲಿ ಬರೀ ಕಪ್ಪು ಚೌಕಗಳ ಸಾಲು. ರೀಸೆಟ್ ಗುಂಡಿ ಒತ್ತಿದರೆ ಸರಿಹೋಗುತ್ತೆ. “ಹಂಗಾರ ಗುಂಡಿ ಒತ್ತು, ಮುಗೀತ” ಅಂದಳು ಅವ್ವ. ಮುಗಿಯಲ್ಲ ಅನ್ನೋದನ್ನ ಅವಳಿಗೆ ಹೇಗೆ ಹೇಳೋದು?

ಮೊದಲು ಬೈದದ್ದು ಸಂಜೆಯ ವೋಲ್ಟೇಜನ್ನು. ಓಣಿಯವರೆಲ್ಲ ಟಿವಿ ಹಾಕುವ ಹೊತ್ತು. ಆದರೆ ಮೀಟರ್ ಹಿಡಿದರೆ 5.04, ಅಲ್ಲಾಡಲ್ಲ. ಚಾರ್ಜರ್ ಬದಲಿಸಿದೆ. ಪ್ರತಿ ಚಿಪ್ಪಿನ ಪಕ್ಕದ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬದಲಿಸಿದೆ. ಧಾರವಾಡದ ಜಿಟಿಜಿಟಿ ಮಳೆ, ಬ್ರೆಡ್‌ಬೋರ್ಡ್ ತಂಪು ಹಿಡಿದಿರಬೇಕು ಅಂತ ಹೇರ್ ಡ್ರೈಯರ್ ಹಿಡಿದೆ. ಆಮೇಲೆ ಪ್ರೊಸೆಸರ್ ಮೇಲೇ ಅನುಮಾನ. ಹೋದ ವರ್ಷ ಒಬ್ಬ ಮಹಾನುಭಾವ ಕಳಿಸಿದ ‘ಹೊಚ್ಚ ಹೊಸ’ ರ‍್ಯಾಮ್ ಚಿಪ್ಪಿನ ಹೆಸರು ನೇಲ್ ಪಾಲಿಶ್ ತೆಗೆಯುವ ದ್ರಾವಣಕ್ಕೆ ಅಳಿಸಿಹೋಗಿ, ಕೆಳಗೆ ಬೇರೆಯೇ ನಂಬರ್ ಕಂಡಿತ್ತು. ಅದೇ ಪರೀಕ್ಷೆ ಇದಕ್ಕೂ ಆಯಿತು. ಪಾಪ, ಅಸಲಿ.

ರೀಸೆಟ್ ಪಿನ್ನಿಗೆ ಇದ್ದದ್ದು ಎಲ್ಲರೂ ಹಾಕುವ ಜೋಡಿಯೇ: 10 ಕೆ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್. ಸ್ವಿಚ್ ಹಾಕಿದಾಗ ಖಾಲಿ ಕೆಪಾಸಿಟರ್ ತುಂಬುವವರೆಗೆ ಪಿನ್ ಕೆಳಗೆ, ಅಂದರೆ ಸೊನ್ನೆ ವೋಲ್ಟಿನ ಹತ್ತಿರ ಇರುತ್ತೆ; ಅದರಿಂದಲೇ ಪ್ರೊಸೆಸರ್ ಮೊದಲಿನಿಂದ ಶುರುಮಾಡುತ್ತೆ. ಇನ್ನೂ ಸ್ವಲ್ಪ ಹೊತ್ತು ಕೆಳಗಿರಲಿ ಅಂತ ಕೆಪಾಸಿಟರ್ 100ಕ್ಕೆ ಏರಿಸಿದೆ. ಏನೂ ಬದಲಾಗಲಿಲ್ಲ. 65ಸಿ02ಗೆ ರೀಸೆಟ್ ಎರಡು ಕ್ಲಾಕ್ ಹೊತ್ತು ಕೆಳಗಿದ್ದರೆ ಸಾಕು, ಅಂದರೆ ಇಲ್ಲಿ ಎರಡು ಮೈಕ್ರೋಸೆಕೆಂಡ್. ನಾನು ಹತ್ತಿರ ಹತ್ತಿರ ಒಂದು ಸೆಕೆಂಡ್ ಕೊಡುತ್ತಿದ್ದೇನೆ, ದೊರೆಗೆ ಸಾಲದಂತೆ! ಪಿನ್ನುಗಳ ಏರಿಳಿತ ತೋರಿಸುವ ಲಾಜಿಕ್ ಅನಲೈಸರ್ ಹಾಕಿದರೆ ಕ್ಲಾಕ್ ಚೆನ್ನಾಗಿ ಓಡುತ್ತಿದೆ. ಪ್ರೊಸೆಸರ್ ಮೆಮೊರಿಗೆ ವಿಳಾಸ ಹೇಳುವ ಅಡ್ರೆಸ್ ಲೈನುಗಳು ಮಾತ್ರ ಕಲ್ಲು. ಹೊಸ ಆದೇಶ ಓದುವಾಗ ಏಳಬೇಕಾದ ಸಿಂಕ್ ಪಿನ್ ಕೂಡ ಮಿಸುಕಲ್ಲ.

ಶನಿವಾರ ರಾತ್ರಿ ಕರೆಂಟ್ ಹೋಯಿತು. ಮೇಣದಬತ್ತಿ ಹಿಡಿದು ಬಂದ ಅವ್ವ ಮೇಜಿನ ಹತ್ತಿರ ನಿಂತಳು. “ಎಲ್ಲಾ ಕಡೆ ಹೋಗೇತಿ, ನಿಂದು ದೀಪ ಇನ್ನೂ ಹತ್ತೇತಲ್ಲ?”

ನೋಡಿದೆ. ಬೋರ್ಡಿನ ಕೆಂಪು ಎಲ್‌ಇಡಿ ಬೀಡಿ ತುದಿಯ ಹಾಗೆ ಮಂಕಾಗಿ ಉರಿಯುತ್ತಿದೆ. ಚಾರ್ಜರ್ ಸತ್ತಿದೆ, ಸ್ವಿಚ್ ಕೂಡ ಆಫ್. ಮೀಟರ್ ಹಿಡಿದರೆ 5 ವೋಲ್ಟ್ ಲೈನಿನಲ್ಲಿ 2.4! ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡುತ್ತಿತ್ತು. ಸೀರಿಯಲ್ ಕೇಬಲ್ ಕಿತ್ತೆ. ಎಲ್‌ಇಡಿ ಆರಿತು.

ಸೀರಿಯಲ್ ಲೈನ್ ಸುಮ್ಮನಿದ್ದಾಗ ಹೈ ಇರುತ್ತೆ ಅಲ್ಲವಾ? ಅಡಾಪ್ಟರಿನ ಆ 5 ವೋಲ್ಟು 65ಸಿ51ರ ಇನ್‌ಪುಟ್ ರಕ್ಷಣೆಗೆ ಇರುವ ಡಯೋಡ್ ಹಾದು ಇಡೀ ಬೋರ್ಡಿಗೆ ಕಳ್ಳದಾರಿಯಲ್ಲಿ ಕರೆಂಟ್ ಉಣಿಸುತ್ತಿತ್ತು. ಹೀಗಾಗಿ ರೀಸೆಟ್ ಕೆಪಾಸಿಟರ್ ಎಂದೂ ಪೂರ್ತಿ ಖಾಲಿಯಾಗಿಲ್ಲ. ಸ್ವಿಚ್ ಹಾಕುವಾಗಲೇ ಅದರ ಹೊಟ್ಟೆಯಲ್ಲಿ 2.4 ವೋಲ್ಟ್. ಅದು ಹತ್ತಾಗಿದ್ದರೇನು, ನೂರಾಗಿದ್ದರೇನು? ಮೇಲಾಗಿ ಈಗಿನ 65ಸಿ02 ಎರಡು ವೋಲ್ಟಿನ ಆಸುಪಾಸಿನಲ್ಲೂ ಬದುಕುವ ಗಟ್ಟಿಜೀವ, ಈಈಪ್ರಾಮ್ ಹಾಗಲ್ಲ. ಅಂದರೆ ನಾನು ‘ಆಫ್’ ಅಂದುಕೊಂಡ ಹೊತ್ತಿನಲ್ಲಿ ಪ್ರೊಸೆಸರ್ ಕೈಗೆ ಸಿಕ್ಕ ಕಸವನ್ನೆಲ್ಲ ಆದೇಶ ಅಂತ ಓದುತ್ತಾ ಕೂತಿದೆ. ಆ ಕಸದಲ್ಲಿ ಒಂದು ಡಿಬಿ ಬೈಟ್ ಸಿಕ್ಕಿರಬೇಕು, ಅದು ಪ್ರೊಸೆಸರನ್ನು ನಿಲ್ಲಿಸುವ ಆದೇಶ, ಎಸ್‌ಟಿಪಿ. ಒಮ್ಮೆ ನಿಂತರೆ ರೀಸೆಟ್ ಇಲ್ಲದೆ ಏಳಲ್ಲ. ಬೆಳಿಗ್ಗೆ? ಲ್ಯಾಪ್‌ಟಾಪ್ ಚೀಲದಲ್ಲಿ ಇರುತ್ತಿತ್ತು, ಅಷ್ಟೇ.

ಮದ್ದು: ಅಡಾಪ್ಟರಿನಿಂದ ಬರುವ ಲೈನಿಗೆ ಸರಣಿಯಲ್ಲಿ 4.7 ಕೆ, 5 ವೋಲ್ಟಿಗೂ ಗ್ರೌಂಡಿಗೂ ನಡುವೆ 470 ಓಮ್. ಈಗ ಆಫ್ ಮಾಡಿದರೆ ಲೈನಿನಲ್ಲಿ 0.4 ವೋಲ್ಟ್ ಮಾತ್ರ. ಅಷ್ಟಕ್ಕೇ ಕೆಲಸ ಆಗುತ್ತಿತ್ತು, ಆದರೆ ಹದಿನೇಳು ದಿನದ ಸಿಟ್ಟಿಗೆ ಆ ಕೆಪಾಸಿಟರನ್ನೇ ಕಿತ್ತು ಡಿಎಸ್1813 ಎಂಬ ರೀಸೆಟ್ ಚಿಪ್ ಹಾಕಬೇಕು ಅಂತ ಹಟ ಹಿಡಿದೆ. ಅದು ವೋಲ್ಟೇಜ್ ನೋಡುತ್ತಾ ಕೂತು, ಸರಿಯಾದ ಮೇಲೂ ಸುಮಾರು 150 ಮಿಲಿಸೆಕೆಂಡ್ ರೀಸೆಟ್ ಹಿಡಿದಿಡುತ್ತೆ. ಆನ್‌ಲೈನ್‌ನಲ್ಲಿ ಐದು ತರಿಸಿದೆ. ಬಂದದ್ದು ಐದು ಬಿಸಿ547 ಟ್ರಾನ್ಸಿಸ್ಟರ್. ಕೇಳಿದರೆ “ಸರ್, ಅದಕ್ಕೂ ಮೂರೇ ಕಾಲು” ಎಂಬ ಉತ್ತರ! ಹಾಗೆ ನೋಡಿದರೆ ಅಡುಗೆಮನೆಯ ಸ್ಟೂಲಿಗೂ ಮೂರೇ ಕಾಲು. ಕೊನೆಗೆ ಬೆಂಗಳೂರಿಗೆ ಹೋದ ಗೆಳೆಯನಿಗೆ ಹೇಳಿ ಎಸ್.ಪಿ. ರೋಡಿನಿಂದ ಎರಡು ತರಿಸಿಕೊಂಡೆ.

ಅದು ಬರುವತನಕ ಕೈಕಟ್ಟಿ ಕೂರಲಾರದೆ ಮುಂದಿನದಕ್ಕೆ ಕೈ ಹಾಕಿದ್ದೇನೆ. ‘ಸಿದ್ಧ’ ಕನ್ನಡದಲ್ಲೇ ಬರಬೇಕು. 16×2 ಎಲ್‌ಸಿಡಿಯಲ್ಲಿ ನಾವೇ ಬರೆಯಬಹುದಾದ ಅಕ್ಷರ ಎಂಟೇ, ಒಂದೊಂದಕ್ಕೆ 5×8 ಚುಕ್ಕಿ. ‘ದ’ ಹೇಗೋ ತುರುಕಬಹುದು, ಒತ್ತಕ್ಷರಕ್ಕೆ ಜಾಗವೆಲ್ಲಿ? ‘ಲಕ್ಷ್ಮೇಶ್ವರ’ ಅಂತ ಬರೆಯಲು ಕೂತು ಪೆನ್ಸಿಲ್ ಎಸೆದೆ. ಹಾಗಾಗಿ 128×64 ಗ್ರಾಫಿಕ್ ಎಲ್‌ಸಿಡಿ, ಜೊತೆಗೆ ಗುಜರಿಯಲ್ಲಿ ಸಿಕ್ಕ ಪಿಎಸ್/2 ಕೀಬೋರ್ಡಿಗೆ ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸ. ಅಕ್ಷರ ಜೋಡಿಸುವ ಕೋಡ್ ಅಸೆಂಬ್ಲಿಯಲ್ಲಿ ಬರೆಯಬೇಕು. ಯಾರಾದರೂ ಆಗಲೇ ಬರೆದಿದ್ದರೆ ದಯವಿಟ್ಟು ಹೇಳಿ, ನಾಚಿಕೆಯಿಲ್ಲದೆ ತಗೋತೀನಿ.

ನಿನ್ನೆ ಸಂಜೆ ಡಿಎಸ್1813 ಕೂರಿಸಿ, ಕೇಬಲ್ ಚುಚ್ಚಿಟ್ಟೇ ಐವತ್ತು ಸಲ ಆನ್-ಆಫ್ ಮಾಡಿದೆ. ಐವತ್ತಕ್ಕೆ ಐವತ್ತು ‘ಸಿದ್ಧ’. ಐವತ್ತೊಂದನೆಯದಕ್ಕೆ ಸ್ವಿಚ್ಚಿನ ಗುಬ್ಬಿ ಕಿತ್ತು ಕೈಗೆ ಬಂತು.