ಕೆಂಪು ನೆಲದ ಇನಿಂತಿ ಸರಗಳು

ಮಧ್ಯ ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಿಂದ ಉಲುರುವಿಗೆ ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್. ಮರುಭೂಮಿಯ ನಡುವೆ 348 ಮೀಟರ್ ಎತ್ತರಕ್ಕೆ ಎದ್ದು ನಿಂತಿರುವ ಆ ಬಂಡೆಯನ್ನು ನೋಡಲೆಂದೇ ಹೆಚ್ಚಿನವರು ಅಷ್ಟು ದೂರ ಹೋಗುತ್ತಾರೆ. ನನ್ನನ್ನು ಅಲ್ಲಿಗೆ ಸೆಳೆದದ್ದು ಆ ಸೀಮೆಯ ಒಂದು ಮರದ ಬೀಜ ಮತ್ತು ಆ ಬೀಜದಿಂದ ಅಲ್ಲಿನ ಮೂಲನಿವಾಸಿಗಳಾದ ಅನಂಗು ಹೆಂಗಸರು ಪೋಣಿಸುವ ಸರಗಳು.

ಇನಿಂತಿ ಎಂಬ ಆ ಮರ ನಮಗೆ ತೀರಾ ಪರಕೀಯವಲ್ಲ. ಮಲೆನಾಡು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿ ಹಬ್ಬಿಸುವುದಕ್ಕೂ ಬೆಳೆಸುವ ಹಾಲುವಾಣದ ಎರಿಥ್ರೈನಾ ಕುಲಕ್ಕೇ ಅದೂ ಸೇರಿದೆ. ಹಾಲುವಾಣದಂತೆಯೇ ಕೆಂಪು ಹೂ, ಎಲೆ ಮಾತ್ರ ಬಾವಲಿಯ ರೆಕ್ಕೆಯ ಹಾಗೆ ಎರಡು ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಅದರ ಹಗುರವಾದ ಮೃದು ಮರದಿಂದ ಹಿಂದೆ ಗುರಾಣಿಗಳನ್ನು ಕೆತ್ತುತ್ತಿದ್ದರು. ಕಾಯಿ ಒಣಗಿ ಬಿರಿದಾಗ ಹೊರಬರುವ ಬೀಜಗಳು ಕಡುಗೆಂಪಿನಿಂದ ಹಿಡಿದು ಕಿತ್ತಳೆ, ಹಳದಿಯವರೆಗೆ ಹಲವು ಬಣ್ಣಗಳಲ್ಲಿರುತ್ತವೆ. ಅವುಗಳಿಗೆ ಯಾರೂ ಬಣ್ಣ ಬಳಿಯುವುದಿಲ್ಲ. ಸರದಲ್ಲಿ ಕಾಣುವ ವೈವಿಧ್ಯವೆಲ್ಲ ಮರವೇ ಕೊಟ್ಟದ್ದು.

ಉಲುರುವಿನ ಬುಡದ ಸಾಂಸ್ಕೃತಿಕ ಕೇಂದ್ರದ ಹತ್ತಿರ ಮರಳಿನ ಮೇಲೆ ಸಣ್ಣ ಬೆಂಕಿ ಹಾಕಿಕೊಂಡು ಕುಳಿತಿದ್ದ ಹಿರಿಯರೊಬ್ಬರ ಕೆಲಸವನ್ನು, ಅವರ ಒಪ್ಪಿಗೆ ಪಡೆದು, ಬಹಳ ಹೊತ್ತು ನೋಡಿದೆ. ಬೆಂಕಿಯಲ್ಲಿ ಎರಡು ಮೂರು ತಂತಿಗಳು ಕೆಂಪಗೆ ಕಾಯುತ್ತಿದ್ದವು. ಅವರು ಒಂದು ತಂತಿಯನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಇಕ್ಕಳದಿಂದ ಹಿಡಿದಿದ್ದ ಬೀಜದ ಒಂದು ಬದಿಗೆ ಅದರ ತುದಿಯನ್ನು ಮೆಲ್ಲಗೆ ಒತ್ತಿದರು. ಸಣ್ಣಗೆ ಚುಂಯ್ ಎಂಬ ಸದ್ದು, ಸುಟ್ಟ ವಾಸನೆ, ಒಂದೆಳೆ ಹೊಗೆ, ಅಷ್ಟರಲ್ಲಿ ತಂತಿ ಆಚೆ ಬದಿಗೆ ಬಂದಿತ್ತು. ಅವಸರಪಟ್ಟು ಒತ್ತಿದರೆ ಬೀಜ ಸೀಳುತ್ತದೆ, ತಡಮಾಡಿದರೆ ತೂತಿನ ಅಂಚು ಕಪ್ಪಾಗಿ ಅಗಲವಾಗುತ್ತದೆ. ತಂತಿ ಆರಿದೊಡನೆ ಅದನ್ನು ಕೆಂಡಕ್ಕೆ ಮರಳಿಸಿ ಮತ್ತೊಂದನ್ನು ಎತ್ತಿಕೊಳ್ಳುತ್ತಿದ್ದರು. ಒಂದು ಸರಕ್ಕೆ ಬೇಕಾದ ಪ್ರತಿಯೊಂದು ಬೀಜವನ್ನೂ ಹೀಗೆಯೇ ಒಂದೊಂದಾಗಿ ಕಾದ ತಂತಿಯಿಂದ ತೂತು ಮಾಡಬೇಕು. ಹಿಂದಿನ ಕಾಲದಲ್ಲಿ ಮನುಷ್ಯರ ಕೂದಲನ್ನೇ ಕದಿರಿನಲ್ಲಿ ನೂತು ಹೊಸೆದ ದಾರಕ್ಕೆ ಬೀಜಗಳನ್ನು ಪೋಣಿಸುತ್ತಿದ್ದರು; ಈಗ ಅಂಗಡಿಯ ದಾರ ಬಂದಿದೆ. ನೀಲಗಿರಿ ಜಾತಿಯ ಮರಗಳ ಒಣ ಕಾಯಿಗಳನ್ನೂ ಇದೇ ರೀತಿ ತೂತು ಮಾಡಿ, ಇನಿಂತಿಯ ನಡುನಡುವೆ ಸೇರಿಸುತ್ತಾರೆ.

ಅವರ ಪಕ್ಕದ ಡಬ್ಬಿಯಲ್ಲಿ ಮೈಯೆಲ್ಲ ಗುಳಿಬಿದ್ದ ದುಂಡನೆಯ ಬೀಜಗಳಿದ್ದವು. ಅವು ಕ್ವಾಂಡಾಂಗ್ ಮರದ ಬೀಜಗಳೆಂದು ತಿಳಿದಾಗ ನನಗಾದ ಸಂತೋಷವನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ, ಏಕೆಂದರೆ ಅದು ನಮ್ಮ ಶ್ರೀಗಂಧದ ಹತ್ತಿರದ ಸಂಬಂಧಿ. ಎರಡೂ ಸ್ಯಾಂಟಾಲಮ್ ಕುಲದವು. ಎರಡೂ ನೆರೆಯ ಗಿಡಗಳ ಬೇರಿಗೆ ತಮ್ಮ ಬೇರನ್ನು ತಗುಲಿಸಿ ಆಹಾರ ಪಡೆಯುತ್ತವೆ. ಕ್ವಾಂಡಾಂಗ್‌ನ ಕೆಂಪು ಹಣ್ಣನ್ನು ಜನರೂ ತಿನ್ನುತ್ತಾರೆ, ಎಮು ಪಕ್ಷಿಗಳೂ ನುಂಗುತ್ತವೆ. ಎಮುವಿನ ಹಿಕ್ಕೆಯಲ್ಲಿ ಉಳಿದ ಬೀಜಗಳನ್ನು ಆರಿಸಿಕೊಳ್ಳುವ ರೂಢಿಯೂ ಇದೆ. ನಮ್ಮೂರಿನ ಗಂಧದ ಹಣ್ಣು ಕಪ್ಪು, ಬೀಜ ಚಿಕ್ಕದು, ಅದನ್ನು ಹರಡುವವು ಕೋಗಿಲೆ, ಪಿಕಳಾರಗಳು ಎಂದು ಹೇಳಿದೆ. ಜೊತೆಗಿದ್ದ ಯುವತಿ ಅದನ್ನು ಪಿಟ್ಜಂಜಾರ ಭಾಷೆಯಲ್ಲಿ ತಿಳಿಸಿದಾಗ, ಆ ಹಿರಿಯರು ಹಣ್ಣಿನ ರುಚಿ ಹೇಗಿರುತ್ತದೆ ಎಂದು ಕೇಳಿದರು. ಅದೊಂದೇ ಪ್ರಶ್ನೆ, ಕೈ ಮಾತ್ರ ನಿಲ್ಲಲಿಲ್ಲ.

ಈ ಸರಗಳು ಮಾರಾಟವಾಗುವುದು ಅನಂಗು ಜನರೇ ಒಡೆಯರಾಗಿರುವ ಮಾರುಕು ಆರ್ಟ್ಸ್ ಮೂಲಕ. 1984ರಲ್ಲಿ ಆರಂಭವಾದ ಆ ಸಂಸ್ಥೆ, ಮರುಭೂಮಿಯಲ್ಲಿ ದೂರದೂರಕ್ಕೆ ಹರಡಿರುವ ಹಾಡಿಗಳಿಂದ ಕೆತ್ತನೆಯ ವಸ್ತುಗಳನ್ನೂ ಸರಗಳನ್ನೂ ಕೊಂಡು ತರುತ್ತದೆ. ಇದರ ಮಹತ್ವವನ್ನು ಒತ್ತಿ ಹೇಳಲೇಬೇಕು. ಆಸ್ಟ್ರೇಲಿಯಾದ ನಗರಗಳ ಸ್ಮರಣಿಕೆ ಅಂಗಡಿಗಳಲ್ಲಿ ಮೂಲನಿವಾಸಿಗಳ ಕೈ ಸೋಕದ, ಹೊರದೇಶಗಳಲ್ಲಿ ತಯಾರಾದ ನಕಲಿ ವಸ್ತುಗಳು ಧಾರಾಳವಾಗಿ ಮಾರಾಟವಾಗುತ್ತವೆ, ಮತ್ತು ಅಂಥ ಒಂದೊಂದು ಮಾರಾಟದಿಂದಲೂ ಬೆಂಕಿಯ ಮುಂದೆ ಕುಳಿತವರ ದುಡಿಮೆಯ ಬೆಲೆ ತಗ್ಗುತ್ತದೆ. ಕೊಳ್ಳುವ ಮೊದಲು ಮಾಡಿದವರು ಯಾರು, ಯಾವ ಊರಿನವರು ಎಂದು ಕೇಳುವುದು ಪ್ರವಾಸಿಯ ಕನಿಷ್ಠ ಮರ್ಯಾದೆ. ಉಲುರು ಇರುವ ರಾಷ್ಟ್ರೀಯ ಉದ್ಯಾನದೊಳಗೆ ನೆಲದ ಮೇಲೆ ಬಿದ್ದ ಬೀಜವನ್ನೂ ನಾವು ಆರಿಸಿಕೊಳ್ಳುವಂತಿಲ್ಲ. ನಾನು ಕೊಂಡ ಸರದಲ್ಲಿ ಇನಿಂತಿ ಮತ್ತು ಕ್ವಾಂಡಾಂಗ್ ಎರಡೂ ಇವೆ; ಅದಕ್ಕೆ ಕಟ್ಟಿದ್ದ ಚೀಟಿಯ ಮೇಲೆ ಬೆಲೆಗಿಂತ ಮೊದಲು ಪೋಣಿಸಿದವರ ಹೆಸರಿತ್ತು.