ಮಾನಿಟರ್ ಕೊಳ್ಳೋಕೆ ಹೋಗುವಾಗ ಒಂದು ಪೆನ್ಸಿಲ್ ಇರಲಿ

ಪುಸ್ತಕಗಳ ಕರಡು ತಿದ್ದೋದು ನನ್ನ ಕೆಲಸ. ಮೊದಲೆಲ್ಲ ಪ್ರಕಾಶಕರು ಪ್ರಿಂಟ್ ತೆಗೆದು ಕಳಿಸುತ್ತಿದ್ದರು, ಕೆಂಪು ಪೆನ್ನು ಹಿಡಿದು ಕೂತರೆ ಆಯ್ತು. ಈಗ ಪಿಡಿಎಫ್ ಬರುತ್ತೆ, ವಾಟ್ಸ್ಯಾಪಲ್ಲಿ, ಅದೂ ರಾತ್ರಿ ಹತ್ತಕ್ಕೆ. ಇಡೀ ದಿನ ಸ್ಕ್ರೀನ್ ಮುಂದೆ ಕೂತರೆ ಮಧ್ಯಾಹ್ನಕ್ಕೆ ಹುಬ್ಬಿನ ಮೇಲೆ ನೋವು ಶುರುವಾಗಿ, ಸಂಜೆಗೆ ಕತ್ತಿನ ಹಿಂಭಾಗಕ್ಕೆ ಇಳಿಯುತ್ತಿತ್ತು. ಕಣ್ಣಿನ ಡಾಕ್ಟರು ನೋಡಿ, “ಕಣ್ಣಿಗೇನೂ ಆಗಿಲ್ಲಮ್ಮ, ಸ್ಕ್ರೀನ್ ನೋಡ್ತಾ ರೆಪ್ಪೆ ಹೊಡೆಯೋದೇ ಕಡಿಮೆ ಮಾಡ್ತೀರಿ” ಅಂತ ಡ್ರಾಪ್ಸ್ ಬರೆದುಕೊಟ್ಟರು. ಉರಿ ಹೋಯ್ತು. ನೋವು ಹೋಗಲಿಲ್ಲ.

ನಮ್ಮನೆಯಲ್ಲಿದ್ದದ್ದು ಮಗ ವರ್ಕ್ ಫ್ರಮ್ ಹೋಮ್ ಕಾಲದಲ್ಲಿ ಬಳಸಿ ಬಿಟ್ಟುಹೋದ 27 ಇಂಚಿನ ಫುಲ್ ಎಚ್‌ಡಿ ಮಾನಿಟರ್. ಅಷ್ಟಗಲದ ಪರದೆಗೆ 1920 × 1080 ಪಿಕ್ಸೆಲ್ (ಚಿತ್ರ ಮೂಡಿಸುವ ಪುಟ್ಟ ಚೌಕಗಳು) ಅಂದರೆ ಇಂಚಿಗೆ ಸುಮಾರು 82. ಇಂಗ್ಲಿಷ್ ಓದುವವರಿಗೆ ಇದು ಹೇಗೋ ನಡೆಯುತ್ತೆ. ಕನ್ನಡಕ್ಕೆ ನಡೆಯಲ್ಲ. ನಮ್ಮ ಅಕ್ಷರದ ಗುಟ್ಟೆಲ್ಲ ಸಣ್ಣ ಸಣ್ಣ ಕಡೆ ಇರುತ್ತೆ: ಧ ಹೊಟ್ಟೆ ಸೀಳಿದೆಯೋ ಇಲ್ಲವೋ, ಠ ಒಳಗೆ ಚುಕ್ಕಿ ಇದೆಯೋ ಇಲ್ಲವೋ. ಆ ಸೀಳು, ಆ ಚುಕ್ಕಿ ಎರಡೂ ಒಂದೊಂದು ಪಿಕ್ಸೆಲ್‌ಗೆ ಇಳಿದುಬಿಟ್ಟರೆ ‘ದನ’ ಯಾವುದು ‘ಧನ’ ಯಾವುದು, ‘ಮಠ’ ಯಾವುದು ‘ಮರ’ ಯಾವುದು ಅಂತ ಸಾಲು ಸಾಲಿಗೂ ಕಣ್ಣು ಕಿರಿದು ಮಾಡಬೇಕು. ಇನ್ನು ಒತ್ತಕ್ಷರ! ಕೆಳಗಡೆ ಮುದ್ದೆ ಬಿದ್ದಿರುತ್ತೆ, ಅಷ್ಟೆ. ಹುಬ್ಬಿನ ಮೇಲಿನ ನೋವಿಗೆ ಬೇರೆ ಕಾರಣ ಹುಡುಕಬೇಕಾಗಿರಲಿಲ್ಲ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ. ಅಂಗಡಿ ಹುಡುಗ ಮೊದಲು ತೋರಿಸಿದ್ದು ಡಬ್ಬಿಯ ಮೇಲಿನ ನೀಲಿ ಸ್ಟಿಕ್ಕರ್. “ಮೇಡಂ, ಐ ಕೇರ್ ಇದೆ ನೋಡಿ. ಬ್ಲೂ ಲೈಟ್ ಬರಲ್ಲ, ತಲೆನೋವು ಬರಲ್ಲ.” ಬ್ಲೂ ಲೈಟ್ ಬರದಿದ್ದರೆ ಬಿಳಿ ಪುಟ ಬಿಳಿ ಕಾಣೋದು ಹೇಗಪ್ಪಾ ಅಂತ ಕೇಳಿದೆ, ನಕ್ಕ. ಈ ನೀಲಿ ಬೆಳಕಿನ ಗಲಾಟೆಗೆ ನಾನು ಕಿವಿ ಕೊಡೋದು ಬಿಟ್ಟು ಕಾಲವಾಯ್ತು. 2023ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು ನೀಲಿ ಬೆಳಕು ತಡೆಯುವ ಕನ್ನಡಕಗಳ ಬಗ್ಗೆ ಬಂದ 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸಾಮಾನ್ಯ ಕನ್ನಡಕಕ್ಕೆ ಹೋಲಿಸಿದರೆ ಕಂಪ್ಯೂಟರ್‌ನಿಂದಾಗುವ ಕಣ್ಣಿನ ಆಯಾಸ ಅದರಿಂದ ಕಡಿಮೆಯಾಗುವ ಹಾಗೆ ಕಾಣಲಿಲ್ಲ. ರಾತ್ರಿ ಹೊತ್ತು ಪರದೆ ಸ್ವಲ್ಪ ಹಳದಿ ಇದ್ದರೆ ಹಿತ ಅನ್ನಿಸಬಹುದು, ಆದರೆ ಅದಕ್ಕೆ ವಿಂಡೋಸ್‌ನ ನೈಟ್ ಲೈಟ್ ಸಾಕು, ದುಡ್ಡು ಬೇಕಿಲ್ಲ.

ನಾನು ಹುಡುಕುತ್ತಿದ್ದದ್ದು ಮಿನುಗದ ಪರದೆ. ಕೆಲವು ಮಾನಿಟರ್‌ಗಳಲ್ಲಿ ಬ್ರೈಟ್‌ನೆಸ್ ಇಳಿಸಿದರೆ ಹಿಂದಿನ ದೀಪ ನಿಜವಾಗಿ ಮಂದವಾಗಲ್ಲ. ಸೆಕೆಂಡಿಗೆ ನೂರಾರು ಸಲ ಆರಿ ಹತ್ತುತ್ತೆ, ಆರಿರುವ ಹೊತ್ತು ಹೆಚ್ಚಾದಷ್ಟೂ ನಮಗೆ ಮಂದವಾದ ಹಾಗೆ ಕಾಣುತ್ತೆ. ಪಿಡಬ್ಲ್ಯೂಎಂ ಅಂತಾರೆ. ಕಣ್ಣಿಗೆ ಗೊತ್ತಾಗಲ್ಲ, ಎಲ್ಲರಿಗೂ ತೊಂದರೆಯೂ ಕೊಡಲ್ಲ. ನನ್ನಂಥವರಿಗೆ ಕೊಡುತ್ತೆ. ಕಾಣದ ಮಿನುಗಿಗೂ ತಲೆನೋವಿಗೂ ನಂಟಿರೋದು ಟ್ಯೂಬ್‌ಲೈಟ್ ಕಾಲದಿಂದಲೇ ಗೊತ್ತಿರುವ ಸಂಗತಿ. ಹಳೇ ಚೋಕ್ ಇದ್ದ ಟ್ಯೂಬ್‌ಲೈಟು 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತಿತ್ತು. ಮನೋವಿಜ್ಞಾನಿ ಅರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು ಇಂಗ್ಲೆಂಡಿನ ಒಂದು ಕಚೇರಿಯಲ್ಲಿ ಅದರ ಬದಲು ಇಂಥ ಮಿನುಗಿಲ್ಲದ ಎಲೆಕ್ಟ್ರಾನಿಕ್ ಚೋಕ್ ಹಾಕಿಸಿ ನೋಡಿದಾಗ ತಲೆನೋವು, ಕಣ್ಣಿನ ಆಯಾಸ ಅರ್ಧಕ್ಕಿಂತ ಕೆಳಗಿಳಿಯಿತು. ಆ ವರದಿ ಬಂದದ್ದು 1989ರಲ್ಲಿ.

ಮಿನುಗನ್ನು ಅಂಗಡಿಯಲ್ಲೇ ಪತ್ತೆ ಮಾಡಬಹುದು. ಬಿಳಿ ಪುಟ ತೆರೆಸಿ, ಬ್ರೈಟ್‌ನೆಸ್ 20ಕ್ಕೆ ಇಳಿಸಿ, ಪರದೆಯ ಮುಂದೆ ಪೆನ್ಸಿಲ್ಲನ್ನು ಬೀಸಣಿಗೆಯ ಹಾಗೆ ಜೋರಾಗಿ ಆಡಿಸಬೇಕು. ಒಂದೇ ಮಸುಕು ಕಂಡರೆ ಸರಿ. ಬಿಡಿ ಬಿಡಿಯಾಗಿ ಹತ್ತಾರು ಪೆನ್ಸಿಲ್ ಕಂಡರೆ ದೀಪ ಮಿನುಗುತ್ತಿದೆ. ಇಳಿಸದೆ ನೋಡಿ ಉಪಯೋಗವಿಲ್ಲ, ಪೂರ್ತಿ ಬ್ರೈಟ್‌ನೆಸ್ಸಿನಲ್ಲಿ ಇಂಥ ದೀಪಗಳು ಸಾಮಾನ್ಯವಾಗಿ ಆರೋದೇ ಇಲ್ಲ. (ಅಂಗಡಿಯ ಲೈಟೇ ಮಿನುಗುತ್ತಿರಬಹುದು. ಮೊದಲು ಗೋಡೆ ಕಡೆ ತಿರುಗಿ ಒಮ್ಮೆ ಆಡಿಸಿಕೊಳ್ಳಿ.) ನಾನು ಆಡಿಸೋದು ನೋಡಿ ಆ ಹುಡುಗ ಮೊಬೈಲ್ ಕೆಳಗಿಟ್ಟು ಬಂದ. ಆಮೇಲೆ ಪೆನ್ಸಿಲ್ ಅವನ ಕೈಗೇ ಹೋಯ್ತು. ಡಿಸ್‌ಪ್ಲೇಗೆ ಇಟ್ಟಿದ್ದ ಮಾನಿಟರ್‌ಗಳ ಮುಂದೆಲ್ಲ ಬೀಸಿ, “ಮೇಡಂ, ಇದು ಹತ್ತು ತೋರಿಸ್ತಿದೆ!” ಅಂತ ಕೂಗಿದ. ಅಲ್ಲೇ ಕೂತಿದ್ದ ಯಜಮಾನರಿಗೆ ಅಷ್ಟೇನೂ ಸಂತೋಷವಾದ ಹಾಗೆ ಕಾಣಲಿಲ್ಲ.

ಅಕ್ಷರ ನೋಡೋಕೆ ಪೆನ್‌ಡ್ರೈವ್‌ನಲ್ಲಿ ನನ್ನದೇ ಒಂದು ಕರಡು ಒಯ್ದಿದ್ದೆ, ಡೆಮ್ಮಿ 1/8 ಪುಟ, ಅಡಿಟಿಪ್ಪಣಿ ತುಂಬಿರುವಂಥದ್ದು. ಅಂಗಡಿಯವರು ಹಾಕೋ ಸಮುದ್ರ, ಗಿಣಿ, ಹಣ್ಣಿನ ವಿಡಿಯೋದಲ್ಲಿ ಎಲ್ಲ ಮಾನಿಟರೂ ಚೆಂದವೇ. 27 ಇಂಚಿನ 4ಕೆ (3840 × 2160) ಮಾನಿಟರ್ ನೋಡಿದಾಗ ಮನಸ್ಸು ಅಲ್ಲೇ ನಿಂತಿತು. ಇಂಚಿಗೆ 163 ಪಿಕ್ಸೆಲ್, ಅಕ್ಷರ ಅಚ್ಚು ಹಾಕಿದ ಹಾಗೆ. ಆದರೆ ನನ್ನ ಹಳೇ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4 ಕಿಂಡಿ 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತೆ, ಮೌಸ್ ಎಳೆದರೆ ಬಾಣ ಕುಂಟಿಕೊಂಡು ಬರುತ್ತೆ. ಹಾಗಾಗಿ ಅದೇ ಅಳತೆಯ 2560 × 1440ರದ್ದು ತಗೊಂಡೆ, ಐಪಿಎಸ್ (ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಬಗೆ), ಹೊಳೆಯದ ಮ್ಯಾಟ್ ಪರದೆ, ಇಂಚಿಗೆ 109 ಪಿಕ್ಸೆಲ್. ಪುಟವನ್ನು 125 ಪರ್ಸೆಂಟಿಗೆ ಹಿಗ್ಗಿಸಿದರೆ ಅಡಿಟಿಪ್ಪಣಿಯ ಒತ್ತು ಕೂಡ ಬಿಡಿಸಿ ಕಾಣುತ್ತೆ. ಕಂಪನಿ ಹೆಸರು ಹೇಳಲ್ಲ, ನೀವು ಹೋಗೋ ಹೊತ್ತಿಗೆ ಆ ಮಾಡೆಲ್ ಇರೋದೂ ಇಲ್ಲ.

ಇದರಿಂದ ಹುಬ್ಬಿನ ನೋವು ಬಹಳ ಮಟ್ಟಿಗೆ ಇಳಿಯಿತು. ಕತ್ತಿನದು ಬೇರೆಯೇ ಕಥೆ. ನಂದು ಪ್ರೊಗ್ರೆಸಿವ್ ಕನ್ನಡಕ, ಹತ್ತಿರದ್ದು ನೋಡುವ ಪವರ್ ಗಾಜಿನ ಕೆಳಗಡೆ ಇರೋದು. ಹಾಗಾಗಿ ಪರದೆ ನೋಡೋಕೆ ಗದ್ದ ಎತ್ತಬೇಕು, ದಿನವಿಡೀ ಎತ್ತಿಕೊಂಡೇ ಕೂತರೆ ಕತ್ತು ಬಿಗಿಯದೆ ಇನ್ನೇನು? ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ ಅಂತ ಎಲ್ಲ ಕಡೆ ಬರೆದಿರುತ್ತಾರೆ, ಪ್ರೊಗ್ರೆಸಿವ್‌ನವರಿಗೆ ಅದಕ್ಕಿಂತಲೂ ಕೆಳಗೆ ಬೇಕು. ಅದಕ್ಕೇ ಮೇಲೆ ಕೆಳಗೆ ಸರಿಯುವ ಸ್ಟ್ಯಾಂಡ್ ಇಲ್ಲದ ಮಾನಿಟರನ್ನು ನಾನಂತೂ ಮುಟ್ಟಲ್ಲ. ಜೊತೆಗೆ, ಮಾನಿಟರ್ ಇರುವ ದೂರವನ್ನು ಟೇಪಿನಲ್ಲಿ ಅಳೆದುಕೊಂಡು ಹೋಗಿ ಆ 65 ಸೆಂ.ಮೀ.ಗೇ ಅಂತ, ಇಡೀ ಗಾಜಿಗೆ ಒಂದೇ ಪವರ್ ಇರುವ ಒಂದು ಸಾದಾ ಕನ್ನಡಕ ಮಾಡಿಸಿದೆ. ಕತ್ತಿಗೆ ಮಾನಿಟರ್‌ಗಿಂತ ಹೆಚ್ಚು ಉಪಕಾರ ಮಾಡಿದ್ದು ಅದೇ.

ಡಾರ್ಕ್ ಮೋಡ್ ಬಗ್ಗೆ ತುಂಬ ಜನ ಕೇಳ್ತಾರೆ. ನನಗೆ ಸಿಲಿಂಡರ್ ಪವರ್ ಇದೆ, ಕಪ್ಪಿನ ಮೇಲೆ ಬಿಳಿ ಅಕ್ಷರ ಹರಡಿಕೊಂಡು ಕಾಣುತ್ತೆ. ನಿಮಗೆ ಹಿತವಾದರೆ ಇಟ್ಟುಕೊಳ್ಳಿ.

ಈಗಲೇ ಹೊಸದು ಕೊಳ್ಳೋಕಾಗಲ್ಲ ಅನ್ನುವವರು ಇರೋ ಮಾನಿಟರ್ ಮುಂದೆಯೇ ಪೆನ್ಸಿಲ್ ಆಡಿಸಿ ನೋಡಿ. ಒಂದೇ ಮಸುಕು ಕಂಡರೆ, ಪರದೆ ಪಕ್ಕ ಬಿಳಿ ಹಾಳೆ ಹಿಡಿದು ಎರಡೂ ಒಂದೇ ಬೆಳ್ಳಗೆ ಕಾಣುವವರೆಗೆ ಬ್ರೈಟ್‌ನೆಸ್ ಇಳಿಸಿ. ಪೆನ್ಸಿಲ್ ಹತ್ತಾಗಿ ಕಂಡರೆ ಇಳಿಸಲೇಬೇಡಿ. ಬ್ರೈಟ್‌ನೆಸ್ ಪೂರ್ತಿ ಇಟ್ಟು ಕಾಂಟ್ರಾಸ್ಟ್ ತಗ್ಗಿಸಿ, ಕೋಣೆಯಲ್ಲಿ ಇನ್ನೊಂದು ದೀಪ ಹಾಕಿಕೊಳ್ಳಿ.